ನೀಲಿ ಪೆನ್ಸಿಲ್ಲಿನ ಗೀಟು

ಚಿಕಾಗೊ
ಜೂನ್ 6, 1937

ಅಮ್ಮಾ,

ಕಡೆಗೂ ಕಿಟಕಿ ಇರುವ ಕೋಣೆ ಸಿಕ್ಕಿತು. ಮೂರು ವರ್ಷ ನೆಲಮಾಳಿಗೆಯಲ್ಲಿ, ಬಿಸಿನೀರಿನ ಪೈಪುಗಳ ಕೆಳಗೆ ಮಲಗಿದವಳಿಗೆ ಇದು ಅರಮನೆ. ಕಿಟಕಿ ತೆರೆದು ಕೈಚಾಚಿದರೆ ಪಕ್ಕದ ಕಟ್ಟಡದ ಗೋಡೆ ಸಿಗುತ್ತದೆ. ಆದರೂ ಕಿಟಕಿ ಕಿಟಕಿಯೇ.

ಟೆಂಪಿಗೆ ಹೇಳು, ಅವಳಮ್ಮ ಮಾತು ಮರೆತಿಲ್ಲ. ಮರದ ಮಿಲ್ಲಿನಲ್ಲಿ ಅವಳಪ್ಪ ಲೂಥರ್ ಸತ್ತ ಮೇಲೆ ಏಳು ವರ್ಷದ ಮಗುವನ್ನು ನಿನ್ನ ಮಡಿಲಿಗೆ ಹಾಕಿ ರೈಲು ಹತ್ತಿದಾಗ ಒಂದೇ ವರ್ಷ ಅಂದಿದ್ದೆ. ಮೂರಾಯಿತು. ನಾಲ್ಕಾಗಲು ಬಿಡುವುದಿಲ್ಲ. ಇಲ್ಲಿ ಸೆಪ್ಟೆಂಬರಿನಲ್ಲಿ ಶಾಲೆ ಶುರುವಾದರೆ ಬೇಸಿಗೆಯವರೆಗೆ ನಿಲ್ಲುವುದಿಲ್ಲ. ಹತ್ತಿ ಬಿಡಿಸುವ ಕಾಲ ಬಂತು ಅಂತ ಬಾಗಿಲು ಹಾಕುವವರಿಲ್ಲ. ಅವಳು ಹನ್ನೆರಡನೆಯ ತರಗತಿಯವರೆಗೂ ಓದಬಹುದು. ಸೆಪ್ಟೆಂಬರಿನೊಳಗೆ ಅವಳನ್ನು ಕರೆಸಿಕೊಳ್ಳುತ್ತೇನೆ.

ಇನ್ನೊಂದು ಮಾತು. ಲಕೋಟೆ ನೋಡಿದೆಯಾ? ನಿನ್ನ ಹೆಸರಿನ ಮುಂದೆ 'ಶ್ರೀಮತಿ' ಅಂತ ಬರೆದಿದ್ದೇನೆ. ಇಲ್ಲಿ ವಿಮೆಯವನು ಬಂದರೆ ನನ್ನನ್ನೇ ಶ್ರೀಮತಿ ಗ್ಯಾಂಟ್ ಅನ್ನುತ್ತಾನೆ. ಅವನು ಬಿಳಿಯ, ಟೋಪಿಯನ್ನೂ ತೆಗೆಯುತ್ತಾನೆ. ಮೊದಲ ಸಲ ಕೇಳಿದಾಗ ನನ್ನ ಹಿಂದೆ ಇನ್ಯಾರೋ ನಿಂತಿದ್ದಾರೆ ಅಂತ ತಿರುಗಿ ನೋಡಿದ್ದೆ. ಮಗಳಿಗೆ ಸಿಕ್ಕಿದ್ದು ತಾಯಿಗೆ ಸಿಗಬೇಡವೇ? ಇನ್ನು ಮೇಲೆ ನನ್ನ ಕಾಗದವೆಲ್ಲ ಹೀಗೆಯೇ ಬರುತ್ತದೆ.

ನಿನ್ನ ಮಗಳು,
ಐವಲೀ


ಟ್ಯಾಲೋ ಕ್ರೀಕ್, ಮಿಸಿಸಿಪ್ಪಿ
ಜೂನ್ 20, 1937

ಐವಲೀ,

ನಿನ್ನ ಕಾಗದ ತಲುಪಿತು. ಹೇಗೆ ತಲುಪಿತು ಅನ್ನುವುದನ್ನು ಮೊದಲು ಕೇಳು.

ನಿನ್ನೆ ಮೇಬ್ರಿ ದೊರೆಗಳ ಅಂಗಡಿಗೆ ಹೋಗಿದ್ದೆ. ಟಪಾಲಿನ ಕಿಟಕಿಯಲ್ಲಿ ಬಿಳಿಯರೆಲ್ಲ ಮುಗಿಯುವ ತನಕ ನಾವು ಕರಿಯರು ಸೀಮೆಎಣ್ಣೆ ಪೀಪಾಯಿಯ ಪಕ್ಕ ನಿಲ್ಲಬೇಕು, ನಿನಗೆ ಗೊತ್ತೇ ಇದೆ. ಎಲ್ಲರೂ ಮುಗಿದರು. ದೊರೆಗಳು ನಿನ್ನ ಲಕೋಟೆಯನ್ನು ಬೆಳಕಿಗೆ ಹಿಡಿದು ಅಂಗಡಿಗೆಲ್ಲ ಕೇಳುವ ಹಾಗೆ ಅಂದರು:

"ಏ ಡೆಲ್ಫಿ, ನಮ್ಮೂರ್ಗೆ ಯಾರೋ ಶ್ರೀಮತಿ ರಕ್ಕರ್ ಅನ್ನೋರು ಬಂದವ್ರಂತೆ. ನೀನೇನಾದ್ರೂ ಕಂಡ್ಯೇನೇ?"

"ಇಲ್ಲ ಬುದ್ಧಿ."

"ಮತ್ತೆ ಈ ಕಾಗ್ದ ಯಾರ್ದು?"

"ನಮ್ ಐವಲೀದು ಬುದ್ಧಿ. ಹುಡ್ಗೀಗೆ ಅಲ್ಲಿ ಪಟ್ಣದ ಗಾಳಿ ಬಡ್ದೈತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ದೊರೆಗಳು ಕಿವಿಯ ಮೇಲಿಂದ ನೀಲಿ ಪೆನ್ಸಿಲ್ ತೆಗೆದು, ನೀನು ಬರೆದ ಆ ಮೂರಕ್ಷರದ ಮೇಲೆ ಗೀಟು ಎಳೆದರು. ಒಂದು ಸಾಲದು ಅಂತ ಇನ್ನೊಂದು. ಆಮೇಲೆ ಲಕೋಟೆಯನ್ನು ಕಟ್ಟೆಯ ಮೇಲೆ ಎಸೆದರು.

ಇಪ್ಪತ್ತೆರಡು ವರ್ಷದಿಂದ ಆ ಮನೆಯ ಬಟ್ಟೆ ಒಗೆಯುತ್ತಿದ್ದೇನೆ. ಅವರ ಒಳಚಡ್ಡಿಯಲ್ಲಿ ತೂತು ಎಲ್ಲಿದೆ ಅನ್ನುವುದು ಅವರ ಹೆಂಡತಿಗಿಂತ ನನಗೆ ಚೆನ್ನಾಗಿ ಗೊತ್ತು. ನಾನು ಅವರ ಅಂಗಿಗೆ ನೀಲಿ ಹಾಕುತ್ತೇನೆ, ಅವರು ನನ್ನ ಹೆಸರಿಗೆ ನೀಲಿ ಹಾಕಿದರು. ಅಲ್ಲಿಗೆ ಸರಿಹೋಯಿತು ಅಂದುಕೊಳ್ಳೋಣ. ಮೊದಲಿನ ಹಾಗೆ ಬರೀ ಡೆಲ್ಫಿಯಾ ರಕ್ಕರ್ ಅಂತ ಬರೆ. ಹೆಸರು ಉದ್ದವಾದರೆ ನಾನೇನು ಉದ್ದವಾಗುವುದಿಲ್ಲ.

ಟೆಂಪಿಯನ್ನು ಬೇಗ ಕರೆಸಿಕೊ. ಮೊನ್ನೆ ಬಟ್ಟೆಗಂಟು ಕೊಡಲು ಅವಳನ್ನೂ ಕರೆದುಕೊಂಡು ಹೋದದ್ದು ನನ್ನ ತಪ್ಪು. ಮೇಬ್ರಿ ಅಮ್ಮಾವರು ಅವಳನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟೇ ವಯಸ್ಸು ಇದಕ್ಕೆ?" ಅಂದರು. ಹತ್ತು ಅಂದೆ. "ತೋಳು ಗಟ್ಟಿಯಾಗಿದೆ. ಅಡುಗೆಮನೆಗೆ ಒಬ್ಬಳು ಬೇಕಿತ್ತು," ಅಂದರು. ಸಂತೆಯಲ್ಲಿ ಕೋಳಿ ನೋಡುವ ಹಾಗೆ ನೋಡಿದರು, ಐವಲೀ. ಹತ್ತಿ ಬಿಡಿಸುವ ಕೆಲಸ ಇದೆ ಅಮ್ಮಾವ್ರೇ, ಆಮೇಲೆ ನೋಡುವಾ, ಅಂತ ಹೇಳಿ ಬಂದೆ. ಆ ಅಡುಗೆಮನೆಗೆ ನಾನು ಒಂಬತ್ತು ವರ್ಷದವಳು ಹೋದೆ. ಅಮ್ಮಾವರ ಅತ್ತೆಯ ಕಾಲ ಅದು. ಹೊರಗೆ ಬಂದಾಗ ಮದುವೆಯ ವಯಸ್ಸು ದಾಟಿತ್ತು.

ನಿನ್ನ ಅಮ್ಮ


ಚಿಕಾಗೊ
ಜುಲೈ 3, 1937

ಅಮ್ಮಾ,

ಪಟ್ಟಣದ ಗಾಳಿ ಬಡಿದಿದೆ ಅಂದೆಯಾ? ನಿನ್ನ ಬಾಯಲ್ಲಿ, ಅವನ ಮುಂದೆ?

ನನಗೆ ಒಂಬತ್ತು ವರ್ಷ ಆಗಿದ್ದಾಗಿನ ಒಂದು ಸಂಜೆ ನೆನಪಿದೆ. ನಿನಗೂ ಇರಬೇಕು. ಮೇಬ್ರಿಯ ಮಗ, ಇನ್ನೂ ಮೀಸೆ ಚಿಗುರದ ಪೋರ, ಕುದುರೆಯಿಂದ ಇಳಿದು ಅಪ್ಪನಿಗೆ, "ಏ ಹುಡ್ಗ, ಇದನ್ನ ಹಿಡ್ಕೊಳೋ," ಅಂದ. ಅಪ್ಪನಿಗೆ ಆಗ ನಲವತ್ತಾರು. ಚರ್ಚಿನ ಹಿರಿಯ. ಅಪ್ಪ ಲಗಾಮು ಹಿಡಿದುಕೊಂಡು ಬಿಸಿಲಿನಲ್ಲಿ ನಿಂತ. ಮನೆಗೆ ಬಂದು ಜೋಳದ ರೊಟ್ಟಿ ಮುಟ್ಟಲಿಲ್ಲ. ಬೈಬಲ್ ತೆಗೆದು ಮೊದಲ ಪುಟ ಬಿಡಿಸಿ ಕೂತ. ಅಲ್ಲಿ ಅಪ್ಪನೇ ತನ್ನ ಕೈಯಿಂದ ಬರೆದಿದ್ದ: ಶ್ರೀ ಆಂಬ್ರೋಸ್ ರಕ್ಕರ್, ಶ್ರೀಮತಿ ಡೆಲ್ಫಿಯಾ ರಕ್ಕರ್, ಮದುವೆಯಾದ ದಿನ. ಇಡೀ ಜಿಲ್ಲೆಯಲ್ಲಿ ನಿಮ್ಮಿಬ್ಬರ ಹೆಸರು ಹಾಗೆ ಬರೆದಿರುವುದು ಅದೊಂದೇ ಕಡೆ. ಅಪ್ಪ ಅದನ್ನು ಎಷ್ಟು ಹೊತ್ತು ನೋಡಿದ!

ಆ ಮೂರಕ್ಷರ ನಿನಗೆ ಮೇಬ್ರಿ ಕೊಟ್ಟದ್ದಲ್ಲ, ಅಪ್ಪ ಕೊಟ್ಟದ್ದು. ಅವನು ಗೀಟು ಎಳೆದದ್ದು ನಿನ್ನ ಮದುವೆಯ ಮೇಲೆ. ನೀನು ಜೊತೆಗೆ ನಕ್ಕೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತ ನೀನೇ ಹೇಳಿಕೊಟ್ಟದ್ದು.

ಅವನು ಸಾವಿರ ಸಲ ಹೊಡೆದುಹಾಕಲಿ. ನಾನು ಸಾವಿರ ಸಲ ಬರೆಯುತ್ತೇನೆ. ನೋಡೋಣ, ಅವನ ಪೆನ್ಸಿಲ್ ಮುಗಿಯುತ್ತದೋ ನನ್ನ ಶಾಯಿ ಮುಗಿಯುತ್ತದೋ.

ಟೆಂಪಿಯನ್ನು ಆ ಅಡುಗೆಮನೆಯ ಹೊಸ್ತಿಲು ದಾಟಿಸಬೇಡ. ಆಣೆ ನಿನಗೆ.

ಐವಲೀ


ಟ್ಯಾಲೋ ಕ್ರೀಕ್
ಜುಲೈ 18, 1937

ಐವಲೀ,

ಈ ಸಲ ಯಾರೂ ನಗಲಿಲ್ಲ. ದೊರೆಗಳು ಗೀಟು ಎಳೆಯಲೂ ಇಲ್ಲ. ಲಕೋಟೆಯನ್ನು ಕೈಯಲ್ಲೇ ಇಟ್ಟುಕೊಂಡು ಮೆಲ್ಲಗೆ ಅಂದರು: "ನೋಡೇ, ಇದೇ ಕೊನೆ. ಇನ್ನೊಂದು ಸಲ ಇಂಥದ್ದು ಬಂದ್ರೆ 'ಈ ಹೆಸರಿನವರು ಇಲ್ಲಿಲ್ಲ' ಅಂತ ಬರ್ದು ಹಿಂದಕ್ ಕಳಿಸ್ತೀನಿ. ಕಾನೂನು ಅಂದ್ರೆ ಕಾನೂನು." ಜೋರಾಗಿ ಹೇಳಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ನಿನ್ನ ಕಾಗದದಲ್ಲಿ ಅವನು ಇವನು ಅಂತ ಬರೆಯಬೇಡ. ಯಾರು ಒಡೆದು ಓದುತ್ತಾರೋ ಯಾರಿಗೆ ಗೊತ್ತು. ನೀನು ಅಷ್ಟು ದೂರದಲ್ಲಿ ಕೂತು ಕಲ್ಲು ಎಸೆಯುತ್ತೀಯ, ಅದು ಬಂದು ಬೀಳುವುದು ನನ್ನ ಸೂರಿನ ಮೇಲೆ.

ಅಮ್ಮಾವರು ದಿನ ಗೊತ್ತುಮಾಡಿಬಿಟ್ಟರು. ಸೆಪ್ಟೆಂಬರಿನ ಮೊದಲ ಸೋಮವಾರ ಕಾರ್ಮಿಕರ ರಜೆ, ಅದರ ಮಾರನೆಯ ಬೆಳಿಗ್ಗೆ ಟೆಂಪಿ ಅವರ ಅಡುಗೆಮನೆಯಲ್ಲಿರಬೇಕು. ನಾನು ಇಲ್ಲ ಅಂದರೆ ಬಟ್ಟೆ ಒಗೆಯುವ ಕೆಲಸ ಹೋಗುತ್ತದೆ. ಅವರೊಬ್ಬರದಲ್ಲ, ಅವರ ಓಣಿಯ ಐದು ಮನೆಯದೂ. ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಕೆಮ್ಮಿದೆ.

ನಿಮ್ಮಪ್ಪನ ವಿಷಯ ನನಗೆ ಹೇಳಿಕೊಡಬೇಡ. ಅವರ ಪಕ್ಕ ಮಲಗಿದವಳು ನಾನು. ಆ ರಾತ್ರಿ ಅವರ ಬೆನ್ನು ನಡುಗಿದ್ದು ನಿನಗೆ ಗೊತ್ತಿಲ್ಲ.

ಈಗ ಒಂದೇ ಮಾತು ಕೇಳುತ್ತೇನೆ. ನಿನಗೆ ಅಕ್ಷರ ದೊಡ್ಡದೋ, ಮಗಳು ದೊಡ್ಡವಳೋ?

ಅಮ್ಮ


ಚಿಕಾಗೊ
ಆಗಸ್ಟ್ 1, 1937

(ಲಕೋಟೆಯ ಮೇಲೆ ನೀಲಿ ಪೆನ್ಸಿಲ್ಲಿನಲ್ಲಿ: 'ಈ ಹೆಸರಿನವರು ಇಲ್ಲಿಲ್ಲ. ಹಿಂದಕ್ಕೆ.')

ಅಮ್ಮಾ,

ನಿನ್ನ ಪ್ರಶ್ನೆಯನ್ನು ಎರಡು ವಾರ ಹೊತ್ತು ತಿರುಗಿದೆ. ಇಸ್ತ್ರಿ ಮಾಡುವಾಗ ಎರಡು ಹಾಸಿಗೆ ಬಟ್ಟೆ ಸುಟ್ಟೆ.

ನಿಜ ಹೇಳುತ್ತೇನೆ. ಇಲ್ಲಿನ ವಿಷಯ ನಾನು ನಿನಗೆ ಪೂರ್ತಿ ಬರೆದಿಲ್ಲ. ಹೋಟೆಲಿನ ಬಟ್ಟೆಮನೆಯಲ್ಲಿ ನಮ್ಮ ಮೇಲಿನವನು ನನ್ನನ್ನು "ಏ ಹುಡ್ಗಿ" ಅಂತಲೇ ಕರೆಯುವುದು. ಇಪ್ಪತ್ತು ಹೆಂಗಸರಿದ್ದೇವೆ, ಇಪ್ಪತ್ತು ಜನರೂ ಹುಡುಗಿಯರೇ. ದೊಡ್ಡ ಅಂಗಡಿಗೆ ಹೋದರೆ ಟೋಪಿ ಕೊಳ್ಳಬಹುದು, ತಲೆಗಿಟ್ಟು ನೋಡುವ ಹಾಗಿಲ್ಲ. ಒಂದು ಬೀದಿಯಿದೆ, ಅದರಾಚೆ ನಮಗೆ ಮನೆ ಕೊಡುವುದಿಲ್ಲ. ಕೇಳಿದರೆ ನಯವಾಗಿ, "ಕ್ಷಮಿಸಿ ಶ್ರೀಮತಿ ಗ್ಯಾಂಟ್, ಈಗ್ತಾನೆ ಬೇರೆಯವರಿಗೆ ಕೊಟ್ಟುಬಿಟ್ವಿ," ಅನ್ನುತ್ತಾರೆ. ಹೆಸರಿಗೆ ಮರ್ಯಾದೆ, ಬಾಗಿಲಿಗೆ ಬೀಗ.

ಹಾಗಿದ್ದ ಮೇಲೆ ಈ ಹಟ ಯಾಕೆ ಅಂದರೆ, ಕೈಗೆ ಸಿಕ್ಕಿರುವುದು ಅದೊಂದೇ. ಅದನ್ನು ನಿನ್ನ ಜೊತೆ ಹಂಚಿಕೊಳ್ಳಬೇಕು ಅನ್ನಿಸಿತು. ಇದು ಹಟವಲ್ಲವಮ್ಮ, ಆಸೆ.

ಟಿಕೆಟ್ಟು ಯಾವ ದಿನಕ್ಕೆ ತೆಗೆಯಲಿ? ಟೆಂಪಿಯ ಜೊತೆ ಯಾರು ಬರುತ್ತಾರೆ? ನೀನೇ ಬಂದುಬಿಡು. ಕೋಣೆ ಚಿಕ್ಕದು, ಆದರೆ ಮೂರು ಜನ ಒತ್ತಿಕೊಂಡು ಮಲಗಬಹುದು. ಕೂಡಲೇ ಉತ್ತರ ಬರೆ.

ಐವಲೀ


ಟ್ಯಾಲೋ ಕ್ರೀಕ್
ಆಗಸ್ಟ್ 22, 1937

ಐವಲೀ, ನನ್ನ ಕಂದಾ,

ಐದು ವಾರವಾಯಿತು, ನಿನ್ನದೊಂದು ಸಾಲಿಲ್ಲ. ಪ್ರತಿ ಶನಿವಾರ ಪೀಪಾಯಿಯ ಪಕ್ಕ ನಿಂತು ಬರುತ್ತಿದ್ದೇನೆ. ನಿನಗೆ ಕಾಯಿಲೆಯೋ, ಕೆಲಸ ಹೋಯಿತೋ, ಇಲ್ಲ ನನ್ನ ಮಾತಿಗೆ ಮುನಿಸಿಕೊಂಡೆಯೋ? ರಾತ್ರಿ ಎದ್ದು ಕೂರುತ್ತೇನೆ. ಟೆಂಪಿ ನಿದ್ದೆಗಣ್ಣಿನಲ್ಲಿ, "ರೈಲು ಬಂತೇನಜ್ಜಿ?" ಅನ್ನುತ್ತಾಳೆ. ಅವಳು ಪೆಟ್ಟಿಗೆ ಕಟ್ಟಿ ಹದಿನೈದು ದಿನವಾಯಿತು. ದಿನಾ ಬಿಚ್ಚುತ್ತಾಳೆ, ದಿನಾ ಕಟ್ಟುತ್ತಾಳೆ.

ನಿನ್ನೆ ತಡೆಯಲಾರದೆ ದೊರೆಗಳನ್ನು ಕೇಳಿಯೇಬಿಟ್ಟೆ. ಆಗ ಗೊತ್ತಾಯಿತು.

"ಒಂದು ಬಂದಿತ್ತು. ನಿಂದಲ್ಲ ಅದು, ಯಾರೋ ಶ್ರೀಮತೀದು. ವಾಪಸ್ ಕಳಿಸ್ದೆ," ಅಂದರು. ಅಳು ಬಂತು. ಅಳಲಿಲ್ಲ. ಅವರಿಗೆ ಕನಿಕರ ಬಂದ ಹಾಗಿತ್ತು, ಬಾಗಿ ಹೇಳಿದರು: "ನಿನ್ ಮಗಳ್ಗೆ ಬರ್ದು ಹಾಕು. ಎಲ್ರೂ ಕರ್ಯೋ ಹಂಗೆ ಡೆಲ್ಫಿಯಾ ಚಿಕ್ಕಮ್ಮ ಅಂತ ಬರೀಲಿ. ಅವತ್ತೇ ಕೈಗ್ ಕೊಡ್ತೀನಿ. ಬರೀ ಹೆಸ್ರು ಸಾಲ್ದು, ಅವಳಿಗ್ ಬುದ್ಧಿ ಬಂದಿದ್ದು ನಂಗ್ ಕಾಣ್ಬೇಕು."

ಈ ಊರಿನ ಬಿಳಿಯರಿಗೆಲ್ಲ ನಾನು ಚಿಕ್ಕಮ್ಮ. ಯಾರ ಚಿಕ್ಕಮ್ಮ ನಾನು? ಅವರ ತಾಯಿ ನನಗೆ ಅಕ್ಕನಾ? ಹಬ್ಬಕ್ಕೆ ಕರೆದು ಪಕ್ಕದಲ್ಲಿ ತಟ್ಟೆ ಇಡುತ್ತಾರಾ? ಕೂದಲು ನೆರೆತವಳನ್ನು ಹುಡುಗಿ ಅನ್ನಲು ಅವರಿಗೇ ನಾಚಿಕೆ, ಶ್ರೀಮತಿ ಅನ್ನಲು ನಾಲಗೆ ಹೊರಳದು. ಅದಕ್ಕೆ ಈ ಚಿಕ್ಕಮ್ಮ.

ಇರಲಿ. ಬರೆ. ಚಿಕ್ಕಮ್ಮ ಅಂತಲೇ ಬರೆ, ಕತ್ತೆ ಅಂತ ಬೇಕಾದರೂ ಬರೆ. ಟಿಕೆಟ್ಟು ಕಳಿಸು. ಟೆಂಪಿಯ ಜೊತೆಗೆ ಯಾರಾದರೂ ಸಿಗುತ್ತಾರೆ. ನನ್ನನ್ನೂ ಕರೆಯಬೇಡ, ನಾನು ಬರಲಾರೆ. ನಿಮ್ಮಪ್ಪನ ಗೋರಿ ಇಲ್ಲಿದೆ, ನನ್ನ ಒಗೆಯುವ ಹಂಡೆ ಇಲ್ಲಿದೆ. ಇನ್ನು ಹದಿನಾರು ದಿನ ಉಳಿದಿದೆ. ಬೇಗ, ಐವಲೀ.

ನಿನ್ನ ಅಮ್ಮ


ಚಿಕಾಗೊ
ಆಗಸ್ಟ್ 28, 1937

ಅಮ್ಮಾ,

ಬರೆದೆ. ಲಕೋಟೆಯ ಮೇಲೆ ನೀನು ಹೇಳಿದ ಹಾಗೇ ಬರೆದೆ. ಮೂರು ಲಕೋಟೆ ಹಾಳುಮಾಡಿದ ಮೇಲೆ ನಾಲ್ಕನೆಯದು ಸರಿಹೋಯಿತು. ಬರೆದಾದ ಮೇಲೆ ಅದನ್ನು ಬೋರಲು ಹಾಕಿ ಇಟ್ಟೆ, ನೋಡಲಾಗಲಿಲ್ಲ.

ನೀನು ಗೆದ್ದೆ. ಮಗಳೇ ದೊಡ್ಡವಳು. ಕೇಳಿದ ದಿನವೇ ನಾನು ಹೇಳಬೇಕಿತ್ತು. ಹಿಂದಕ್ಕೆ ಬಂದ ಲಕೋಟೆ ನನ್ನ ಕೈಸೇರಿದ್ದೂ ನಿನ್ನ ಕಾಗದದ ಜೊತೆಗೇ. ನನ್ನ ಬಿಗುಮಾನಕ್ಕೆ ಐದು ವಾರ ನೀನು ಆ ಪೀಪಾಯಿಯ ಪಕ್ಕ ನಿಂತೆ. ನನ್ನನ್ನು ಕ್ಷಮಿಸು.

ಟಿಕೆಟ್ಟು ಒಳಗಿದೆ. ಒಂದಲ್ಲ, ಎರಡು. ಗೋರಿಯಲ್ಲಿ ಅಪ್ಪ ಇಲ್ಲ, ನಿನಗೂ ಗೊತ್ತು. ಹಂಡೆ ಇಲ್ಲೂ ಸಿಗುತ್ತದೆ. ಸೆಪ್ಟೆಂಬರ್ ಐದರ ರೈಲು. ಆರನೆಯ ತಾರೀಕು ಬೆಳಿಗ್ಗೆಯಿಂದ ನಿಲ್ದಾಣದಲ್ಲಿ ನಿಂತಿರುತ್ತೇನೆ. ನೀವು ಬರುವ ತನಕ ಅಲ್ಲಾಡುವುದಿಲ್ಲ.

ಹೊರಗೆ ಏನು ಬರೆದಿದ್ದರೂ ಒಳಗೆ ನೀನು ನನ್ನ ಅಮ್ಮ.

ಐವಲೀ


ಕೈರೋ ರೈಲು ನಿಲ್ದಾಣ, ಇಲಿನಾಯ್
ಸೆಪ್ಟೆಂಬರ್ 5, 1937

ಐವಲೀ,

ನಿನ್ನ ಕಾಗದ ಬಂತು. ನಾನು ತೆಗೆದುಕೊಳ್ಳಲಿಲ್ಲ. ಬೈಯುವುದಿದ್ದರೆ ಪೂರ್ತಿ ಕೇಳಿ ಆಮೇಲೆ ಬೈ.

ನಿನ್ನೆ ಶನಿವಾರ, ಅಂಗಡಿ ತುಂಬಾ ಜನ. ಮೇಬ್ರಿ ನನ್ನನ್ನು ಕಂಡದ್ದೇ ಬಿಳಿಯರನ್ನು ನಿಲ್ಲಿಸಿ ನನ್ನನ್ನು ಮುಂದೆ ಕರೆದ. ಹೌದು, ಕರೆದ ಅಂತಲೇ ಬರೆದಿದ್ದೇನೆ, ಕಣ್ಣುಜ್ಜಿಕೊಳ್ಳಬೇಡ. ಲಕೋಟೆಯನ್ನು ಎಲ್ಲರಿಗೂ ತೋರಿಸಿದ. "ನೋಡ್ರಪ್ಪಾ, ಡೆಲ್ಫಿಯಾ ಚಿಕ್ಕಮ್ಮ! ಚಿಕಾಗೊ ಹುಡ್ಗೀಗೂ ಬುದ್ಧಿ ಬಂತು." ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕಾಗದವನ್ನು ಕಟ್ಟೆಯ ಮೇಲೆ ಎಸೆಯದೆ ನನ್ನ ಕೈಗೆ ಚಾಚಿದ.

ಕೈ ಮುಂದೆ ಮಾಡಿದೆ. ಆಗ ಅಕ್ಷರ ಕಂಡಿತು. ನಿಮ್ಮಪ್ಪ ನಿನ್ನ ಬೆರಳು ಹಿಡಿದು ತಿದ್ದಿಸಿದ ಅಕ್ಷರ. ಆ ಅಕ್ಷರದಲ್ಲಿ 'ಚಿಕ್ಕಮ್ಮ' ಅಂತ ಬರೆದಿತ್ತು. ಊರೆಲ್ಲ ಅಂದಾಗ ನೊಣ ಕೂತ ಹಾಗೆ ಒದರಿಕೊಂಡಿದ್ದೆ. ನಿನ್ನ ಕೈಯಲ್ಲಿ ಅದನ್ನು ನೋಡಲು ಆಗಲಿಲ್ಲ. ಬರೆ ಅಂದವಳೇ ನಾನು, ನಿನ್ನದೇನೂ ತಪ್ಪಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ನಾನೇ ಹೇಳಿಕೊಟ್ಟು ನನ್ನನ್ನು ಹೊಡೆದುಹಾಕಿಸಿದೆನಲ್ಲ! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಕೈ ಹಿಂದಕ್ಕೆ ತೆಗೆದುಕೊಂಡೆ.

"ಬುದ್ಧಿ, ಈ ಹೆಸ್ರಿನೋರು ಇಲ್ಲಿಲ್ಲ," ಅಂದೆ.

"ಏನಂದೆ?"

"ಚಿಕಾಗೊದಾಗೆ ನಂಗೆ ಅಕ್ಕ ಇಲ್ಲ ಬುದ್ಧಿ, ಅಕ್ಕನ ಮಗಳೂ ಇಲ್ಲ. ಇರೋಳು ಮಗಳು. ಇದು ನಂದಲ್ಲ."

"ಏ, ತಗೊಳ್ಳೇ ಸುಮ್ನೆ. ಒಳಗೆ ಏನೋ ದಪ್ಪಗಿದೆ."

"ಹಿಂದಕ್ ಕಳಿಸಿ ಬುದ್ಧಿ. ಕಾನೂನು ಅಂದ್ರೆ ಕಾನೂನು."

ಮೇಬ್ರಿಯ ಕುತ್ತಿಗೆ ಕೆಂಪಾಗುತ್ತ ನಾನೇ ಗಂಜಿ ಹಾಕಿದ ಕಾಲರಿನ ಮೇಲಕ್ಕೆ ಬಂತು. ನಾನು ತಿರುಗಿ ಹೊರಟೆ. ಓಡಲಿಲ್ಲ, ಓಡಬೇಕು ಅನ್ನಿಸಿತು. ರಸ್ತೆಯ ತಿರುವು ದಾಟಿದ ಮೇಲೆ ಬೇಲಿಯ ಪಕ್ಕ ಕೂತುಬಿಟ್ಟೆ. ದಪ್ಪಗಿದ್ದದ್ದು ಟಿಕೆಟ್ಟು ಅಂತ ಆಗ ಹೊಳೆಯಿತು. ಮೊಮ್ಮಗಳ ದಾರಿಯನ್ನು ನನ್ನ ಕೈಯಿಂದಲೇ ಹಿಂದಕ್ಕೆ ಕಳಿಸಿ ಬಂದಿದ್ದೆ. ಇನ್ನು ಆ ಊರಿನಲ್ಲಿ ನನಗೆ ಒಗೆಯಲು ಒಂದು ಕರವಸ್ತ್ರವೂ ಸಿಗುತ್ತಿರಲಿಲ್ಲ. ಹೆದರಿಕೆಯಿಂದ ವಾಂತಿ ಮಾಡಿದೆ, ಐವಲೀ. ಧೈರ್ಯ ಗೀರ್ಯ ಅಂತ ನಿನ್ನ ಚರ್ಚಿನಲ್ಲಿ ಹೇಳಿಕೊಂಡು ತಿರುಗಬೇಡ.

ಪಕ್ಕದ ಮನೆಯ ಓರ್ಫಾ ಬಂದಳು. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. "ಅವ್ವಾ ತಾಯಿ, ಒಳ್ಳೆ ಕೆಲ್ಸ ಮಾಡ್ದೆ. ಈಗ ಊರು ಬಿಡು," ಅಂದಳು. ಹಂಡೆ, ತೊಟ್ಟಿ, ಮೂರು ಇಸ್ತ್ರಿ ಪೆಟ್ಟಿಗೆ, ಏಳು ಕೋಳಿ, ಎಲ್ಲವನ್ನೂ ಅವಳಿಗೆ ಮಾರಿದೆ. ಒಂದೂವರೆ ಟಿಕೆಟ್ಟಿಗೆ ಆಯಿತು. ಹಂಡೆ ಅವಳ ಮನೆಗೆ ಉರುಳಿಕೊಂಡು ಹೋಗುವಾಗ ಮಾತ್ರ ನೋಡಲಾಗಲಿಲ್ಲ.

ಮೇಬ್ರಿ ಮನೆಯ ಗಂಟು ಬಾಕಿ ಇತ್ತು. ಅರ್ಧ ಕೆಲಸ ಬಿಟ್ಟು ಹೋದಳು ಅನ್ನಿಸಿಕೊಳ್ಳಲಾರೆ. ಎಲ್ಲವನ್ನೂ ಇಸ್ತ್ರಿ ಮಾಡಿ, ಮಡಚಿ, ಅವರ ಹಿತ್ತಿಲ ಮೆಟ್ಟಿಲ ಮೇಲೆ ಇಟ್ಟು ಬಂದೆ. ಗಂಟಿನ ಚೀಟಿಯ ಮೇಲೆ ಅವನ ಹೆಸರು ಬರೆದು ಮುಂದಿನ 'ಶ್ರೀ'ಗೆ ಗೀಟು ಎಳೆಯೋಣ ಅನ್ನಿಸಿತು. ಎಳೆಯಲಿಲ್ಲ. ಓರ್ಫಾ ಅದೇ ಊರಿನಲ್ಲಿ ಬಾಳಬೇಕು. ಆದರೆ ಒಳಚಡ್ಡಿಗಳಿಗೆ ಗಂಜಿ ಹಾಕಿದೆ. ಕಾಲರಿಗಿಂತ ಗಟ್ಟಿಯಾಗಿ. ಇವತ್ತು ಭಾನುವಾರ, ಚರ್ಚಿನ ಬೆಂಚಿನ ಮೇಲೆ ಅವನು ಹೇಗೆ ಕೂತನೋ ದೇವರೇ ಬಲ್ಲ.

ಬೆಳಕು ಹರಿಯುವ ಮೊದಲು ಏಳು ಮೈಲಿ ನಡೆದು ಮುಂದಿನ ಊರಿನಲ್ಲಿ ರೈಲು ಹತ್ತಿದೆವು. ನಮ್ಮೂರ ನಿಲ್ದಾಣದಲ್ಲಾದರೆ ಎಲ್ಲಿಗೆ ಯಾಕೆ ಅಂತ ಕೇಳುವವರು ಇರುತ್ತಿದ್ದರು. ಓರ್ಫಾ ಬೂಟಿನ ಡಬ್ಬಿಯಲ್ಲಿ ಹುರಿದ ಕೋಳಿ, ಮೊಟ್ಟೆ ಕಟ್ಟಿಕೊಟ್ಟಿದ್ದಳು. ಮಧ್ಯಾಹ್ನದ ತನಕ ಇಂಜಿನ್ನಿನ ಹಿಂದಿನ ಕರಿಯರ ಬೋಗಿಯಲ್ಲಿ ಹೊಗೆ ತಿಂದೆವು. ದಕ್ಷಿಣದ ಗಡಿಯ ನದಿ ದಾಟಿದ ಮೇಲೆ ಇಲ್ಲಿ ಇಳಿಸಿ, ಇನ್ನು ಯಾವ ಬೋಗಿಯಲ್ಲಾದರೂ ಕೂರಬಹುದು ಅಂದರು. ನಾನು ಎರಡು ಸಲ ಕೇಳಿದೆ. ಟೆಂಪಿ ಆಗಲೇ ಓಡಿಹೋಗಿ ಕಿಟಕಿಯ ಪಕ್ಕ ಜಾಗ ಹಿಡಿದಿದ್ದಾಳೆ, ಅಲ್ಲಿಂದಲೇ ಕೈಬೀಸಿ ಕರೆಯುತ್ತಿದ್ದಾಳೆ. ನನಗಿನ್ನೂ ಮೈ ಮೇಲೆ ಜಿರಳೆ ಹರಿದ ಹಾಗಿದೆ. ಯಾರೋ ಬಂದು ಏಳೇ ಅನ್ನುತ್ತಾರೆ ಅನ್ನಿಸುತ್ತಲೇ ಇದೆ.

ನಾನು ಹಿಂದಕ್ಕೆ ಕಳಿಸಿದ ನಿನ್ನ ಕಾಗದ ಬಂದರೆ ಒಡೆಯಬೇಡ. ಒಳಗೆ ಏನು ಬರೆದಿದ್ದೀಯೋ ನನ್ನ ಮುಂದೆ ಕೂತು ಓದಿ ಹೇಳು.

ಈ ಕಾಗದಕ್ಕಿಂತ ನಾವೇ ಮೊದಲು ಬಂದು ಸೇರುತ್ತೇವೆ. ಗೊತ್ತಿದ್ದೂ ಟಪಾಲು ಡಬ್ಬಿಗೆ ಹಾಕುತ್ತಿದ್ದೇನೆ. ಒಳಗಿರುವುದು ನಿನಗೆ, ಆದರೆ ಲಕೋಟೆ ನಿನಗಲ್ಲ. ಬೈಬಲಿನ ಮೊದಲ ಪುಟ ತೆರೆದು, ನಿಮ್ಮಪ್ಪನ ಅಕ್ಷರ ನೋಡಿಕೊಂಡು, ಲಕೋಟೆಯ ಮೇಲೆ ನನ್ನ ಹೆಸರು ಪೂರ್ತಿ ಬರೆದು ನಿನ್ನ ವಿಳಾಸ ಹಾಕಿದ್ದೇನೆ. ಟಪಾಲಿನವನು ಬಂದಾಗ ಬಾಗಿಲಿಗೆ ನೀನು ಹೋಗಬೇಡ. ನಾನು ಹೋಗುತ್ತೇನೆ.

ನಿನ್ನ ಅಮ್ಮ,
ಶ್ರೀಮತಿ ಡೆಲ್ಫಿಯಾ ರಕ್ಕರ್